ಮೇಷ್ಟ್ರ ಭೂಪಟ
ನಮ್ಮ ಬೀದಿಯ ನಿವೃತ್ತ ಭೂಗೋಳದ ಮೇಷ್ಟ್ರಿಗೆ ದೊಡ್ಡ ದೇಶಗಳೆಂದರೆ ಪಂಚಪ್ರಾಣ. ಯಾರಾದರೂ ಪೇಪರು ಕೇಳಿಕೊಂಡು ಹೋದರೆ ಸಾಕು, ಕೈಹಿಡಿದು ಒಳಗೆಳೆದು, ಗೋಡೆಯ ಮೇಲಿನ ಆಳೆತ್ತರದ ಭೂಪಟದ ಮುಂದೆ ಕೂರಿಸಿ, ಹಳೆಯ ಬೆತ್ತದಿಂದ ಗಡಿಗಳನ್ನೆಲ್ಲ ಗುಡಿಸಿಹಾಕುತ್ತಾರೆ. “ಇದೆಲ್ಲಾ ಅವರ ಅಂಗಳ ಕಣ್ರೀ. ದೊಡ್ಡೋರು ಅಂದ್ಮೇಲೆ ಅಕ್ಕಪಕ್ಕ ಅವರ ಮಾತು ನಡೀಬೇಕು.” ಸಣ್ಣ ದೇಶಗಳ ಹೆಸರು ಅವರ ಬಾಯಲ್ಲಿ ಬರುವುದೇ ಇಲ್ಲ, ಅವೆಲ್ಲ ಬರೀ ಚಿಳ್ಳೆಪಿಳ್ಳೆ. ಯಾವುದೋ ಒಂದು ಚಿಳ್ಳೆಪಿಳ್ಳೆ, ಯಾರ ಸ್ನೇಹ ಬೆಳೆಸಬೇಕೆಂದು ತಾನೇ ತೀರ್ಮಾನಿಸಿತು ಅಂತ ಪೇಪರಿನಲ್ಲಿ ಬಂದರೆ ಮೇಷ್ಟ್ರ ಬಿ.ಪಿ. ಏರುತ್ತದೆ. ದೊಡ್ಡ ದೇಶದ ಪರ ವಾದಿಸುವಾಗ ಅವರು ಸುರಿಸುವಷ್ಟು ಬೆವರನ್ನು ಗಡಿ ದಾಟಿ ನುಗ್ಗಿದ ಅದರ ಸೈನಿಕರೂ ಸುರಿಸಿರಲಿಕ್ಕಿಲ್ಲ. “ಅಲ್ಲಿರೋರನ್ನ ಒಂದ್ಮಾತು ಕೇಳ್ಬೇಡ್ವಾ ಮೇಷ್ಟ್ರೇ?” ಎಂದೆ ನಾನೊಮ್ಮೆ. “ಕೇಳೋದೇನ್ರೀ? ಹೊಂದ್ಕೊಂಡು ಹೋಗೋದು ಕಲೀಬೇಕು!” ಎಂದು ಭೂಪಟಕ್ಕೆ ಬೆತ್ತ ಬೀಸಿದರು. ಆ ಏಟಿಗೆ ಮೊಳೆ ಕಿತ್ತುಬಂದು ಭೂಪಟದ ಒಂದು ಮೂಲೆ ಜೋತುಬಿತ್ತು. ಅದರ ಹಿಂದೆ ಒಂದು ಕಿಟಕಿಯ ಚೌಕಟ್ಟಿತ್ತು. ಚೌಕಟ್ಟಿನ ತುಂಬ ಇಟ್ಟಿಗೆ. ಹಾಡುಹಗಲೇ ದೀಪ ಹಾಕಿಕೊಂಡು ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಅವರ ಹೆಂಡತಿ ತಲೆಯೆತ್ತದೆ ಹೇಳಿದರು: “ಪಕ್ಕದ ಮೂರಂತಸ್ತಿನ ಮನೆಯೋರು ‘ನಿಮ್ಮ ಕಿಟಕಿ ನಮ್ಮ ಕಡೆ ನೋಡುತ್ತೆ’ ಅಂದ್ರು. ಇವರೇ ಇಟ್ಟಿಗೆ ತರಿಸಿ ಮುಚ್ಚಿಸಿದ್ರು.” ಮೇಷ್ಟ್ರು ಮೊಳೆಯನ್ನು ಹಲ್ಲಲ್ಲಿ ಕಚ್ಚಿಕೊಂಡು, ಜೋತುಬಿದ್ದ ಜಗತ್ತನ್ನು ಎರಡೂ ಕೈಯಿಂದ ಆ ಇಟ್ಟಿಗೆಗೆ ಒತ್ತಿ ಹಿಡಿದು ನಿಂತಿದ್ದರು.