ಮೂರನೇ ಕರೆ

ಜಯಪುರದ ನನ್ನ ಹೊಲಿಗೆ ಅಂಗಡಿಯಲ್ಲಿ ರವಿಕೆಗಳಿಗೆ ಹುಕ್ಕು ಹಾಕುವುದು ಮಗಳ ಕೆಲಸ. ಹತ್ತೊಂಬತ್ತು ವರ್ಷ ಅವಳಿಗೆ. ಹುಟ್ಟುವಾಗಲೇ ಹೃದಯದಲ್ಲಿ ತೂತು, ಆಪರೇಷನ್ ಆಗಿತ್ತು. ಕ್ಯಾಲ್ಸಿಯಂ ಇಳಿದರೆ ಬೆರಳು ಸೆಟೆದು ಸೂಜಿ ಬೀಳುತ್ತಿತ್ತು. ಇವಕ್ಕೆಲ್ಲ ನಾವಿಬ್ಬರೂ ಒಗ್ಗಿಹೋಗಿದ್ದೆವು.

ಕಳೆದ ವರ್ಷ ಒಂದು ಮಧ್ಯಾಹ್ನ, ಹೊಲಿಯುತ್ತಿದ್ದವಳು ತಲೆಯೆತ್ತಿ "ಬಂದೆ" ಎಂದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಯಾರಿಗೆ ಓಗೊಟ್ಟೆ ಎಂದು ಕೇಳಿದೆ.

"ಮೂರು ಸಲ ಕರೆದ್ರು. ನೀನೇ ಹೇಳ್ಕೊಟ್ಟಿದ್ದಲ್ಲ."

ಹೌದು, ನಾನೇ. ಕಾಡಿನಂಚಿನಲ್ಲಿ ಯಾರಾದರೂ ಹೆಸರು ಹಿಡಿದು ಕರೆದರೆ ಒಂದನೇ ಸಲ, ಎರಡನೇ ಸಲ ಓಗೊಡಬಾರದು; ದೆವ್ವ ಮೂರನೇ ಸಲ ಕರೆಯುವುದಿಲ್ಲ, ಮನುಷ್ಯರಷ್ಟೇ ಕರೆಯುತ್ತಾರೆ. ಚಿಕ್ಕವಳಿದ್ದಾಗ ಹಾಗೆ ಹೇಳಿ ಬೆಳೆಸಿದ್ದೆ. ಅವಳಿಗೆ ಕೇಳುವ ಸ್ವರ ಮೂರೂ ಸಲ ಕರೆಯುತ್ತಿತ್ತು. ಅದು ಸುಳ್ಳೆಂದು ನಂಬಿಸಲು ನನ್ನಲ್ಲಿ ದಾರಿಯೇ ಉಳಿಯಲಿಲ್ಲ. ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಶಿವಮೊಗ್ಗದ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ವಿವರಿಸಿದರು. ಇಪ್ಪತ್ತೆರಡನೇ ಕ್ರೋಮೋಸೋಮಿನ ಒಂದು ಚೂರು ಇವಳಿಗೆ ಹುಟ್ಟಿನಿಂದಲೇ ಇಲ್ಲ. ಹೃದಯ, ಕ್ಯಾಲ್ಸಿಯಂ, ಈಗಿನ ಈ ಸ್ವರ, ಎಲ್ಲದರ ಬೇರೂ ಅಲ್ಲೇ. ಆಮೇಲೆ ನನ್ನ ಮುಖದಲ್ಲೂ ಮಗಳದೇ ಚಹರೆ ಕಂಡು ನನ್ನ ರಕ್ತವನ್ನೂ ತೆಗೆಸಿದರು. ವರದಿ ಬಂದ ದಿನ ನೋಡಿದರೆ ನನ್ನಲ್ಲೂ ಅದೇ ಚೂರು ಇರಲಿಲ್ಲ. ನಿಮಗೂ ಏನಾದರೂ ಕೇಳಿಸುತ್ತದೆಯೇ ಎಂದು ಮಗಳ ಎದುರೇ ವಿಚಾರಿಸಿದರು. ಇಲ್ಲ ಎಂದೆ. ಅವಳ ಅಪ್ಪ ತೀರಿಹೋಗಿದ್ದಾರೆ. ನಾನೂ ರೋಗಿಯಾದರೆ ಅವಳನ್ನು ನೋಡಿಕೊಳ್ಳುವವರು ಯಾರು?

ಬರುವಾಗ ಕೊಪ್ಪದ ಬಸ್ ಸ್ಟ್ಯಾಂಡಿನಲ್ಲಿ, ಸ್ವರ ನಿಲ್ಲಲೆಂದು ಡಾಕ್ಟರು ಬರೆದುಕೊಟ್ಟ ಮೊದಲ ಮಾತ್ರೆ ಕೊಟ್ಟೆ. ಅವಳು ಅದನ್ನು ಮುರಿದು ಅರ್ಧವನ್ನು ನನ್ನತ್ತ ಚಾಚಿದಳು.

"ನಿಂಗೂ ಕೇಳ್ತದೆ ಅಮ್ಮ. ಮಿಷನ್ ತುಳೀತಾ ಇದ್ದವಳು ನಿಲ್ಸಿ ತಿರುಗಿ ನೋಡ್ತೀಯ. ನಿಂಗೆ ಬೇಡದ ಮಾತ್ರೆ ನಂಗೆಂತಕ್ಕೆ?"

ಸುತ್ತಲೂ ಜನ. ದನಿ ತಗ್ಗಿಸಿ, ಹೌದು, ನನಗೂ ಕೇಳುತ್ತದೆ, ಮುಂದಿನ ಸಲ ಡಾಕ್ಟರಿಗೆ ಹೇಳುತ್ತೇನೆ ಎಂದೆ. ಅವಳು ಎರಡೂ ಚೂರು ಬಾಯಿಗೆ ಹಾಕಿ ನೀರು ಕುಡಿದಳು. ನಿನ್ನನ್ನು ಕರೆಯುವುದು ಯಾರು ಎಂದು ಕೇಳಿದಳು.

ಗೊತ್ತಿದ್ದೂ ಗೊತ್ತಿಲ್ಲ ಎಂದೆ. ಮಗಳ ಮಾತು ಮೂಗಿನಲ್ಲಿ ಬರುತ್ತದೆ. ಹೊರಗಿನವರಿಗೆ ಅರ್ಧವೂ ತಿಳಿಯುವುದಿಲ್ಲ. "ಅಮ್ಮಾ, ಕಾಫಿ ಕುಡಿ ಬಾ" ಎಂದು ಮಿಷನ್ ತುಳಿಯುವಾಗ ನನ್ನನ್ನು ಕರೆಯುವುದು ಅವಳದೇ ಸ್ವರ, ಆದರೆ ಒಂದೊಂದು ಅಕ್ಷರವೂ ಸ್ಪಷ್ಟ. ನಾಡಿದ್ದು ಸೋಮವಾರ ಡಾಕ್ಟರ ಬಳಿ ಹೋಗಬೇಕು. ನಾನೂ ಮಾತ್ರೆ ನುಂಗತೊಡಗಿದರೆ ಆ ಮಗಳು ಮತ್ತೆ ಕರೆಯುವುದಿಲ್ಲ.