ಅವ್ವ ಹೊಲಿದ ಜೀನ್ಸ್

ಇವತ್ತು ಮಗಳು ಹೊಸ ಜೀನ್ಸ್ ಪ್ಯಾಂಟಿನ ಕವರ್ ಬಿಚ್ಚಿದಳು. ಆ ನೀಲಿ ಬಣ್ಣದ ವಾಸನೆ ಮೂಗಿಗೆ ಬಡಿದದ್ದೇ ರಾಯದುರ್ಗದ ನಮ್ಮ ಪಡಸಾಲೆ ಕಣ್ಣಮುಂದೆ ಬಂತು.

ಅವ್ವ ಬೆಳಗಿನಿಂದ ಸಂಜೆವರೆಗೆ ಅಲ್ಲಿ ಕೂತು ದೊಡ್ಡಪ್ಪನ ಅಂಗಡಿಗೆ ಜೀನ್ಸ್ ಹೊಲಿಯುತ್ತಿದ್ದಳು. ಎಷ್ಟು ತಿಕ್ಕಿ ತೊಳೆದರೂ ಬೆರಳಿನ ನೀಲಿ ಹೋಗದೆ, ಅವಳು ತಟ್ಟಿದ ರೊಟ್ಟಿಯ ಅಂಚಿಗೂ ಅಂಟುತ್ತಿತ್ತು. ಒಮ್ಮೆ ಉಳಿದ ತುಂಡುಗಳನ್ನು ಜೋಡಿಸಿ ನನಗೂ ಒಂದು ಪ್ಯಾಂಟು ಹೊಲಿದಳು. ಅದನ್ನು ಹಾಕಿಕೊಂಡು ಅಂಗಳದಲ್ಲಿ ಕುಣಿಯುತ್ತಿದ್ದಾಗ ದೊಡ್ಡಪ್ಪ ಬಂದರು.

"ಹೆಣ್ಣು ಹುಡುಗಿಗೆ ಇದು ಯಾಕ ಬೇಕು? ಮೊದ್ಲು ಬಿಚ್ಚಿಸು."

"ನೀವು ಮಾರೋದೂ ಇದನ್ನೇ ಅಲ್ರಿ ಭಾವ" ಎಂದಳು ಅವ್ವ.

ಅವರು ಅವಳ ಕೈಗೇ ಕತ್ತರಿ ಕೊಟ್ಟು, ಎದುರು ನಿಂತು ಪ್ಯಾಂಟನ್ನು ಚೂರು ಮಾಡಿಸಿದರು. ಒಂದು ಚೂರಿನಿಂದ ಚಪ್ಪಲಿ ಒರೆಸಿಕೊಂಡು ಹೋದರು. ಅಪ್ಪ ಚಹಾ ಕುಡಿಯುತ್ತ ನೋಡುತ್ತಲೇ ಇದ್ದ.

ಈಚೆಗೆ ಮಹಿಳಾ ದಿನದ ಸಭೆಯಲ್ಲಿ ಅದೇ ದೊಡ್ಡಪ್ಪನಿಗೆ ಸನ್ಮಾನ. ಹೆಂಗಸರಿಗೆ ದುಡಿಮೆ ಕೊಟ್ಟವರಂತೆ! ಮೈಕ್ ಹಿಡಿದು, "ನಮ್ಮನಿ ಹೆಣ್ಮಕ್ಕಳಿಗೆ ನಾನು ಯಾವತ್ತೂ ಅಡ್ಡಿ ಮಾಡಿಲ್ರಿ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮುಲಾಜಿಗೆ ನಾನೂ ತಟ್ಟಿದೆ. ಪಕ್ಕದಲ್ಲಿದ್ದ ಅವ್ವ ಮಾತ್ರ ಕೈ ಎತ್ತಲಿಲ್ಲ.

ಅವತ್ತಿನಿಂದ ನನ್ನ ಕೈ ನನಗೇ ಹೇಸಿಗೆಯಾಗಿದೆ.