ಮಾವನ ಜೇಬಿನ ಅಯಸ್ಕಾಂತ

ನಮ್ಮ ಸೋದರಮಾವನ ಅಂಗಿಗಳೆಲ್ಲ ಎಡಗಡೆಗೆ ಜೋತುಬಿದ್ದಿರುತ್ತಿದ್ದವು. ಆ ಜೇಬಿನಲ್ಲಿ ಹಳೇ ರೇಡಿಯೋ ಸ್ಪೀಕರಿನಿಂದ ಕಿತ್ತ ದಪ್ಪ ಅಯಸ್ಕಾಂತ. ದೊಡ್ಡಬಳ್ಳಾಪುರದ ನೇಕಾರರ ಬೀದಿಗಳಲ್ಲಿ ಪವರ್‌ಲೂಮ್ ರಿಪೇರಿ ಅವರ ಕೆಲಸ. ಮಗ್ಗದಡಿಗೆ ಉರುಳಿದ ಸ್ಕ್ರೂ, ಸೂಜಿಗಳನ್ನು ಅದರಿಂದಲೇ ಎತ್ತುತ್ತಿದ್ದರು. ಸಂಜೆ ಹೊತ್ತಿಗೆ ಕಬ್ಬಿಣದ ಪುಡಿ ಅಂಟಿಕೊಂಡು ಅದಕ್ಕೆ ಗಡ್ಡ ಬೆಳೆದಿರುತ್ತಿತ್ತು. ಅಂಗಿ ಒಗೆಯುವಾಗ ಅತ್ತೆಯ ಬೈಗುಳವಂತೂ ಇದ್ದೇ ಇತ್ತು.

ಮಾವನ ಎಡಗಣ್ಣು ಹರೆಯದಲ್ಲೇ ಹೋಗಿತ್ತು, ಮಗ್ಗದಿಂದ ಹಾರಿದ ಲಾಳಿ ಬಡಿದು. ಉಳಿದ ಒಂದೇ ಕಣ್ಣಿಟ್ಟುಕೊಂಡು ಕಂಡದ್ದನ್ನೆಲ್ಲ ಬಿಚ್ಚಿ ನೋಡುವ ಮನುಷ್ಯ. ಗಡಿಯಾರ, ಗ್ಯಾಸ್ ಒಲೆ, ಪಕ್ಕದ ಮನೆಯ ಮಿಕ್ಸಿ, ಯಾವುದನ್ನೂ ಬಿಟ್ಟವರಲ್ಲ. ಏನು ಹೇಳಿದರೂ "ಅದ್ಯಾಕಂಗೆ?" ಅನ್ನುವುದು ಬಾಯಿಗೆ ಅಂಟಿಬಿಟ್ಟಿತ್ತು. ಒಂದು ಮದುವೆಯಲ್ಲಿ ಪಂಕ್ತಿಯಿಂದ ಎದ್ದುಹೋಗಿ ಜನರೇಟರ್ ಪಕ್ಕ ನಿಂತುಬಿಟ್ಟಿದ್ದರು, ಎಲೆಯಲ್ಲಿ ಪಾಯಸ ಆರುತ್ತಿತ್ತು. ಅವರ ಜೊತೆ ಎಲ್ಲಿಗಾದರೂ ಹೋಗುವುದೆಂದರೆ ನನಗೆ ತಲೆನೋವು.

ತೊಂಬತ್ತರ ದಶಕದ ಕೊನೆಗೆ ಅವರ ಬಲಗೈ ಜೋಮು ಹಿಡಿಯತೊಡಗಿತು. ಸ್ಪ್ಯಾನರ್ ಕೈಜಾರಿ ಬೀಳುತ್ತಿತ್ತು. ಕತ್ತಿನಲ್ಲೇನೋ ನರ ಒತ್ತಿದೆ, ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿಸಿ ಎಂದರು ಡಾಕ್ಟರು. ದೊಡ್ಡಬೆಳವಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ನನ್ನನ್ನೇ ಮಾವನ ಜೊತೆಗೆ ಅಟ್ಟಿದರು ಅತ್ತೆ.

ಅಲ್ಲಿನ ಟೆಕ್ನಿಷಿಯನ್ ಹುಡುಗಿ ಒಳಗೆ ಬಿಡುವ ಮೊದಲು ಒಂದೊಂದಾಗಿ ಕೇಳಿದಳು. ಎದೆಗೆ ಪೇಸ್‌ಮೇಕರ್ ಹಾಕಿದ್ದಾರೆಯೇ, ಮೂಳೆಗೆ ರಾಡು ಕೂರಿಸಿದ್ದಾರೆಯೇ, ಕಣ್ಣಿಗೆ ಪೆಟ್ಟು ಬಿದ್ದಿತ್ತೇ. ಮಾವ ಲಾಳಿಯ ಕಥೆ ಹೇಳಿ, ಆ ಕಣ್ಣಿನೊಳಗೆ ಏನೂ ಉಳಿದಿಲ್ಲವೆಂದು ಆಗಲೇ ಡಾಕ್ಟರು ನೋಡಿದ್ದಾರೆ ಎಂದರು. ಬಲಗಣ್ಣು? ಅದಕ್ಕೇನಾಗಿಲ್ಲ ತಾಯಿ, ದೇವರು ಉಳಿಸಿರೋದೇ ಅದೊಂದು ಎಂದರು. ಸುಳ್ಳು ಹೇಳಿದ್ದಲ್ಲ, ಅವರ ಪಾಲಿಗೆ ಏನೂ ಆಗಿರಲಿಲ್ಲ.

ಆಮೇಲೆ ಪ್ರಶ್ನೆ ಕೇಳುವ ಸರದಿ ಮಾವನದು, ಆ ಯಂತ್ರವೇ ಒಂದು ಭಾರೀ ಅಯಸ್ಕಾಂತವೆಂದು ಅವಳು ಹೇಳಿದ್ದೇ ತಡ. ಸ್ವಿಚ್ ಆರಿಸಿದರೆ ಹಿಡಿತ ಬಿಡುತ್ತದೋ? ಬಿಡುವುದಿಲ್ಲವಂತೆ, ಸ್ಕ್ಯಾನ್ ನಡೆಯದಿದ್ದಾಗಲೂ ಎಳೆಯುತ್ತಲೇ ಇರುತ್ತದಂತೆ. ಆಕ್ಸಿಜನ್ ಸಿಲಿಂಡರ್ ಒಯ್ದರೆ ಅದು ಹಾರಿಹೋಗಿ ಯಂತ್ರಕ್ಕೆ ಬಡಿಯುತ್ತದಂತೆ. ನೆಲದ ಮೇಲೆ ಜಾರಿಕೊಂಡೋ, ಗಾಳಿಯಲ್ಲೋ ಎಂದು ಮಾವ ಕೇಳಿದರು. ಹೊರಗೆ ಬೆಂಚಿನ ತುಂಬ ಜನ ಕಾಯುತ್ತಿದ್ದರು. ಸಾಕು ಬನ್ನಿ ಮಾವ ಎಂದು ರೇಗಿದೆ.

ವಾಚು, ಬೆಲ್ಟು, ಉಡುದಾರದ ತಾಯತ ಎಲ್ಲ ಟ್ರೇಗೆ ಹೋದವು. ಕೊನೆಗೆ ಅಯಸ್ಕಾಂತ ತೆಗೆದುಕೊಡುತ್ತಾ ಹೆಮ್ಮೆಯಿಂದ ಹೇಳಿದರು: "ಇದೂ ನಿಮ್ಮ ಮಿಷಿನ್ ಜಾತಿನೇ ಕಣಮ್ಮ. ಸಾಣೆ ಹಿಡಿಯೋವಾಗ ಕಣ್ಣಿಗೆ ಕಬ್ಬಿಣದ ಚೂರು ಸಿಡೀತದಲ್ಲ, ಒಬ್ಬ ರೆಪ್ಪೆ ಅಗಲಿಸಿ ಹಿಡ್ಕೊಂಡ್ರೆ ಇನ್ನೊಬ್ಬ ಇದ್ರಲ್ಲೇ ಎಳ್ದುಬಿಡ್ತಾನೆ."

ಅವಳ ಕೈ ಟ್ರೇ ಮೇಲೇ ನಿಂತಿತು. "ಯಾವ ಕಣ್ಣು, ಯಜಮಾನ್ರೇ?"

"ಇದೇ. ಆಗಾಗ ಇದ್ದಿದ್ದೇ."

"ಎಲ್ಲಾ ಚೂರೂ ಬಂದಿದೆ ಅಂತ ಹೇಗೆ ಗೊತ್ತು?"

ಮಗ್ಗದವರ ಪದ್ಧತಿಯೇ ಹಾಗೆ: ಉರಿ ನಿಂತರೆ ಚೂರು ಬಂತು ಅಂತಲೇ, ಮತ್ತೆ ಕೆಲಸಕ್ಕೆ. ಬೀಡಿ ಸೇದಿದಷ್ಟೇ ಮಾಮೂಲಿಯಾದದ್ದನ್ನು ಯಾರು ಪೆಟ್ಟು ಅನ್ನುತ್ತಾರೆ?

ಅವಳು ಡಾಕ್ಟರನ್ನು ಕರೆದಳು, ಅವರು ಕಣ್ಣಿಗೆ ಎಕ್ಸ್‌ರೇ ತೆಗೆಸಿದರು. ಬಲಗಣ್ಣಿನ ಜಾಗದಲ್ಲಿ ರಾಗಿಕಾಳಿಗಿಂತ ಚಿಕ್ಕದೊಂದು ಬಿಳಿ ಚುಕ್ಕೆ. ಯಂತ್ರದೊಳಗೆ ಹೋಗಿದ್ದರೆ ಆ ಚೂರು ಅಲುಗಾಡಿ ಕಣ್ಣನ್ನೇ ಕೊಯ್ದುಬಿಡಬಹುದಿತ್ತಂತೆ. ಯಂತ್ರದ ಬಗ್ಗೆ ಕೆದಕಿರದಿದ್ದರೆ ಆ ಮಾತೇ ಬರುತ್ತಿರಲಿಲ್ಲ; ಈ ಮನುಷ್ಯನ ಹಾಳು ಕುತೂಹಲಕ್ಕೆ ಅವತ್ತು ಮನಸ್ಸಿನಲ್ಲೇ ಕೈಮುಗಿದೆ. ಮಾವ ಮಾತ್ರ ಫಿಲ್ಮನ್ನು ಬೆಳಕಿಗೆ ಹಿಡಿದು, ಇದು ಯಾವ ಮಗ್ಗದ್ದಿರಬಹುದು ಎಂದು ಯೋಚಿಸುತ್ತಿದ್ದರು.

ಚೂರಿನ ವಿಷಯವನ್ನು ಕಣ್ಣಿನ ಡಾಕ್ಟರಿಗೆ ಒಪ್ಪಿಸಿ, ಕತ್ತಿಗೆ ಬೇರೆ ತರಹದ ಸ್ಕ್ಯಾನ್ ಮಾಡಿ ಔಷಧಿ, ಕತ್ತಿಗೆ ಕಟ್ಟುವ ಪಟ್ಟಿ ಕೊಟ್ಟರು. ಕೈ ಮುಕ್ಕಾಲು ಪಾಲು ಸರಿಹೋಯಿತು. ಅಲ್ಲಿಂದಾಚೆಗೆ ಸಾಣೆಗೆ ಕೂತವರ ಮೂಗಿನ ಮೇಲೆ ಕನ್ನಡಕ ಏರಿಸದೆ ಮಾವ ಮೋಟಾರ್ ಹಾಕಲು ಬಿಡುತ್ತಿರಲಿಲ್ಲ. ಕ್ಲಾಸಿನಲ್ಲಿ ಪ್ರಶ್ನೆ ಕೇಳಿ ತಲೆ ತಿನ್ನುವ ಮಕ್ಕಳಿಗೆ ರೇಗುವುದನ್ನು ನಾನೂ ಬಿಟ್ಟೆ.

ಎಷ್ಟೋ ವರ್ಷಗಳ ಮೇಲೆ ಎದೆನೋವೆಂದು ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ. ಕೊನೆಯ ದಿನ ನನ್ನ ಸೆರಗು ಹಿಡಿದು ಕಣ್ಣಿನ ಹತ್ತಿರಕ್ಕೆ ಎಳೆದುಕೊಂಡರು. ಏನೋ ಹೇಳಬೇಕೆಂದಿದ್ದಾರೆ ಅಂತ ಅತ್ತೆಯೂ ಬಗ್ಗಿದರು.

"ಅಂಚಲ್ಲಿ ಒಂದೆಳೆ ತಪ್ಪೈತೆ ನೋಡು, ಪುಟ್ಟಿ."

ಅವರು ಹೋದ ಮೇಲೆ ಸೆರಗನ್ನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿದೆ. ತಪ್ಪಿತ್ತು.